ಸೋಲಾರ್ ಬೇಲಿ, ಊರ ಗೋಮಾಳ ಮತ್ತು ನಮ್ಮ ಕೇರಿಯ ಸಹಿ



ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ನಮ್ಮ ಕೇರಿಯ ಹುಡುಗರಂತೂ ಪೂರ್ತಿ ಓದಲೇಬೇಕು, ಯಾಕಂದ್ರೆ ಮುಂದಿನ ವಾರ ಗ್ರಾಮಸಭೆ ಇದೆ.

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಕೇರಿಗೆ ಒಂದು ಅರ್ಜಿ ಬಂತು. ತಂದವನು ಊರೊಳಗಿನ ದೊಡ್ಡ ಮನೆಯ ಹುಡುಗ. ಅವರಪ್ಪನ ಮುಂದೆ ನಮ್ಮಪ್ಪ ಚಪ್ಪಲಿ ಕೈಲಿ ಹಿಡ್ಕೊಂಡು, "ಬುದ್ಧಿ" ಅಂತ ನಿಂತಿದ್ದನ್ನ ನೋಡಿ ಬೆಳೆದವನು ನಾನು. ಈ ಹುಡುಗ ನನ್ನನ್ನ "ಅಣ್ಣ" ಅಂದ. ಸಂತೋಷ. ಕೂತ್ಕೊಳಪ್ಪ ಅಂದ್ರೆ ಕೂರಲಿಲ್ಲ. ಬೈಕಿನ ಮೇಲೇ ಇದ್ದುಕೊಂಡು ಹೇಳಿದ: "ಅಣ್ಣ, ಸಬ್‌ಸ್ಟೇಷನ್ ಪಕ್ಕದ ಗೋಮಾಳಕ್ಕೆ ಸೋಲಾರ್ ಹಾಕ್ತಾರಂತೆ. ಊರು ಹಾಳಾಗೋಗ್ತದೆ. ನಾವೆಲ್ಲ ಒಂದೇ ಊರೋರು, ಒಗ್ಗಟ್ಟಾಗಿ ವಿರೋಧ ಮಾಡ್ಬೇಕು. ನಿಮ್ ಕೇರಿಯಿಂದ ಒಂದೈವತ್ತು ಸಹಿ ಹಾಕಿಸ್ಕೊಡಿ."

ಅರ್ಜಿ ಓದಿದೆ. ದನಕರುಗಳಿಗೆ ಮೇವಿಲ್ಲದಂತಾಗುತ್ತದೆ, ಜಾತ್ರೆಯ ಬಯಲು ಹೋಗುತ್ತದೆ, ಊರಿನ ಅಂದ ಕೆಡುತ್ತದೆ, ಸೈಟುಗಳ ಬೆಲೆ ಬಿದ್ದುಹೋಗುತ್ತದೆ ಅಂತೆಲ್ಲ ಚೆನ್ನಾಗಿ ಟೈಪ್ ಮಾಡಿಸಿದ್ರು. ಅದೇ ಗೋಮಾಳದ ಮೂಲೆಯಲ್ಲಿ ನಮ್ಮ ಸ್ಮಶಾನ ಇದೆ. ಅದರ ಬಗ್ಗೆ ಒಂದಕ್ಷರ ಇಲ್ಲ. ಅದೇ ಗೋಮಾಳದಲ್ಲಿ ನಮ್ಮ ಆರು ಮನೆಯವರು ಮೂವತ್ತು ವರ್ಷದಿಂದ ಹುರುಳಿ, ರಾಗಿ, ಕಡ್ಲೆಕಾಯಿ ಹಾಕ್ಕೊಂಡು ಬಂದಿದಾರೆ. ಅದರ ಬಗ್ಗೆಯೂ ಇಲ್ಲ. ಬೇಲಿ ಬರೋದು ನಮ್ಮ ಕೇರಿಯ ಕೊನೇ ಮನೆಯ ಹಿತ್ತಲಿನಿಂದ ಅಳೆದು ನಲವತ್ತು ಹೆಜ್ಜೆಗೆ. ಅದೂ ಇಲ್ಲ.

ನಾನು ಸಹಿ ಹಾಕಲಿಲ್ಲ. ಹಾಕಲ್ಲ ಅಂತಲೂ ಹೇಳಲಿಲ್ಲ. "ಬಿಟ್ಟುಹೋಗಪ್ಪ, ಓದಿ ಹೇಳ್ತೀನಿ" ಅಂದೆ.

ಅವತ್ತಿಂದ ನಮ್ಮ ಗ್ರೂಪಲ್ಲಿ ಜಗಳ ಶುರುವಾಗಿದೆ. ಒಂದು ಕಡೆಯವರು, "ಸೋಲಾರ್ ಬರಲಿ, ವಾಚ್‌ಮನ್ ಕೆಲಸನಾದ್ರೂ ಸಿಗ್ತದೆ, ಅವರ ಒತ್ತುವರಿನೂ ಹೋಗ್ತದೆ" ಅಂತಾರೆ. ಇನ್ನೊಂದು ಕಡೆಯವರು, "ಊರೋರ ಜೊತೆ ನಿಂತ್ಕೊಳ್ಳೋಣ, ಇಲ್ಲಾಂದ್ರೆ ನಾಳೆ ಕೂಲಿಗೆ ಕರೆಯಲ್ಲ" ಅಂತಾರೆ. ಇಬ್ಬರ ಮಾತಲ್ಲೂ ಸತ್ಯ ಇದೆ. ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಅಂತ ಬರೀತಿದ್ದೀನಿ. ಚರಿತ್ರೆ ಗೊತ್ತಿಲ್ಲದೆ ಸಹಿ ಹಾಕೋದು ನಮಗೆ ಹೊಸದಲ್ಲ. ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿ ಕಳ್ಕೊಂಡಿದ್ದು ಸಾಕು.

ಮೊದಲು ಕರೆಂಟಿನ ಮಾತು.

ನಮ್ಮ ಚಳವಳಿ ಕರೆಂಟಿನ ವಿರೋಧಿ ಅಲ್ಲ. ಇದನ್ನ ಖಡಾಖಂಡಿತ ಹೇಳ್ತೀನಿ, ಯಾಕಂದ್ರೆ ಸೋಲಾರ್ ಬಗ್ಗೆ ಒಂದು ಪ್ರಶ್ನೆ ಎತ್ತಿದ ಕೂಡಲೇ "ನಿಮಗೆ ಅಭಿವೃದ್ಧಿ ಬೇಡವಾ" ಅಂತ ಕೇಳೋರು ಬರ್ತಾರೆ. ಬಾಬಾಸಾಹೇಬರನ್ನ ಸಂವಿಧಾನ ಬರೆದವರು ಅಂತ ಮಾತ್ರ ತಿಳ್ಕೊಂಡವರಿಗೆ ಒಂದು ಸಂಗತಿ ಗೊತ್ತಿರಲ್ಲ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ನೀರಾವರಿ, ವಿದ್ಯುತ್ ಎರಡೂ ಆ ಖಾತೆಯ ಕೆಳಗೇ ಇದ್ದವು. ಯುದ್ಧ ಮುಗಿದ ಮೇಲೆ ದೇಶಕ್ಕೆ ವಿದ್ಯುತ್ ಹೇಗೆ ಒದಗಿಸಬೇಕು ಅನ್ನೋ ಸಮಿತಿಯ ಮುಂದೆ 1943ರಲ್ಲಿ ಮಾತಾಡಿದ ಅವರು, ವಿದ್ಯುತ್ತು ಅಗ್ಗವಾಗಿಯೂ ಇರಬೇಕು, ಹೇರಳವಾಗಿಯೂ ಇರಬೇಕು ಅಂದರು. ಕೈಗಾರಿಕೆ ಬೆಳೆದರೇನೇ ಈ ದೇಶದ ಬಡವರು ಬಡತನದ ಸುಳಿಯಿಂದ ಹೊರಗೆ ಬರೋದು ಅನ್ನೋದು ಅವರ ವಾದ. ಹೊಲದ ಕೂಲಿಯಲ್ಲೇ ಕೊಳೆಯೋದಕ್ಕಿಂತ ಕಾರ್ಖಾನೆಗೆ ಹೋಗೋದು ದಲಿತರಿಗೆ ಬಿಡುಗಡೆ ಅಂತ ನಂಬಿದ್ದವರು ಅವರು.

ಹಾಗಾಗಿ ನಮ್ಮ ಪ್ರಶ್ನೆ ಕರೆಂಟು ಬೇಕಾ ಬೇಡವಾ ಅನ್ನೋದಲ್ಲ. ಯಾರ ನೆಲದಿಂದ, ಯಾರ ಮನೆಗೆ, ಯಾರ ಲೆಕ್ಕದಲ್ಲಿ ಅನ್ನೋದು.

ನಮ್ಮ ಮೈಸೂರು ಸೀಮೆಯ ಕರೆಂಟಿನ ಕಥೆಯನ್ನೇ ನೋಡಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು 1902ರಲ್ಲಿ ಮೊದಲು ಕಳಿಸಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ಇದ್ದಿದ್ದು ಬ್ರಿಟಿಷ್ ಕಂಪನಿ ಕೈಲಿ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಶಿವನಸಮುದ್ರದ ಸುತ್ತಲಿನ ಹಳ್ಳಿಗಳ ಕತ್ತಲೆ ಅದಾದ ಮೇಲೂ ಎಷ್ಟೋ ವರ್ಷ ಹಾಗೇ ಇತ್ತು. ಆ ಕರೆಂಟಿನಿಂದ ಓಡುತ್ತಿದ್ದ ಗಣಿಯ ಆಳದಲ್ಲಿ ಬಂಡೆ ಒಡೀತಿದ್ದವರು ಯಾರು? ಬಹುಪಾಲು ತಮಿಳು ಸೀಮೆಯಿಂದ ಬಂದ ನಮ್ಮ ಜನ, ದಲಿತರು. ಕರೆಂಟಿನ ಜೊತೆ ನಮ್ಮ ಸಂಬಂಧ ಶುರುವಾಗಿದ್ದೇ ಹೀಗೆ. ದೀಪ ಮೇಲೆ, ನಾವು ಕೆಳಗೆ.

ಆಮೇಲೆ ಶರಾವತಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗೀತು. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಮುಳುಗಡೆ ಜನ ಇವತ್ತಿಗೂ ತಾವು ಕೂತ ಜಾಗದ ಹಕ್ಕುಪತ್ರಕ್ಕೆ ಅಲೀತಿದಾರೆ. ನಮ್ಮ ಕೇರಿಗೆ ಕರೆಂಟು ಬಂದಿದ್ದು ಭಾಗ್ಯಜ್ಯೋತಿಯಲ್ಲಿ, ಮನೆಗೊಂದೇ ಬಲ್ಬು. ಆ ಬಲ್ಬಿನ ಕೆಳಗೆ ಕೂತು ನಾನು ಎಸ್ಸೆಸ್ಸೆಲ್ಸಿ ಓದಿದ್ದು. ಆ ಒಂದು ಬಲ್ಬಿನ ಬೆಲೆ ನನಗೆ ಗೊತ್ತು.

ಇನ್ನು ಗೋಮಾಳದ ಮಾತು. ಅಸಲಿ ವಿಷಯ ಇರೋದು ಇಲ್ಲೇ.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರ ಹೊತ್ತಿಗೆ, ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ. ಚೈನು ಹಿಡಿದು ಹೊಲ ಅಳೆದು ನಂಬರು ಕೊಟ್ಟರು. ಯಾರ ಉಳುಮೆಯೋ ಅವರ ಹೆಸರು ಪುಸ್ತಕಕ್ಕೆ ಹೋಯಿತು. ಹೆಸರು ಹೇಳಿದ್ದು ಯಾರು? ಪಟೇಲ, ಶಾನುಭೋಗ. ಶಾನುಭೋಗರ ಲೆಕ್ಕದ ಗಂಟು ಹೊತ್ತುಕೊಂಡು ಹಿಂದೆ ಓಡ್ತಿದ್ದವನು ತೋಟಿ, ಅಂದ್ರೆ ನಮ್ಮ ತಾತ, ಮುತ್ತಾತ. ಪುಸ್ತಕ ಹೊತ್ತವನ ಹೆಸರು ಪುಸ್ತಕದೊಳಗೆ ಇರಲಿಲ್ಲ. ಇದ್ದರೂ ಇನಾಮಿನ ಚೂರು ನೆಲದ ಮುಂದೆ ಇತ್ತು. ಆ ಚೂರು ನೆಲಕ್ಕೆ ಬದಲಾಗಿ ಇಡೀ ಮನೆಮಂದಿ ಹಗಲೂ ರಾತ್ರಿ ಊರ ಚಾಕರಿ ಮಾಡಬೇಕಿತ್ತು. ಡಂಗುರ ಸಾರೋದು, ಸತ್ತ ದನ ಸಾಗಿಸೋದು, ಅಮಲ್ದಾರರು ಬಂದ್ರೆ ಸೌದೆ ನೀರು ಹೊರೋದು.

ಮಹಾರಾಷ್ಟ್ರದಲ್ಲಿ ಇದನ್ನೇ ಮಹಾರ್ ವತನ್ ಅಂತಿದ್ರು. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಆ ವತನಿನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ತುಂಡು ನೆಲದ ಆಸೆ ತೋರಿಸಿ ಇಡೀ ಜಾತಿಯನ್ನ ಬಿಟ್ಟಿ ಚಾಕರಿಗೆ ಕಟ್ಟಿಹಾಕೋ ಹಗ್ಗ ಇದು ಅನ್ನೋದು ಅವರ ವಾದದ ತಿರುಳು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆಗಿದ್ದು 1961ರಲ್ಲಿ, ಜಾರಿಗೆ ಬಂದಿದ್ದು 1963ರಲ್ಲಿ. ತೋಟಿ, ತಳವಾರಿಕೆ ಇನಾಮು ನೆಲವನ್ನ ದುಡ್ಡು ಕಟ್ಟಿಸ್ಕೊಂಡು ಅವರಿಗೇ ಮರುಮಂಜೂರು ಮಾಡಬೇಕು ಅಂತ ಅದರಲ್ಲಿತ್ತು. ನಮ್ಮ ತಾತನಿಗೂ ಎರಡೆಕರೆ ಬಂತು. ಮರುಮಂಜೂರಿಗೆ ಕಟ್ಟೋ ದುಡ್ಡನ್ನ ಸಾಲ ಕೊಟ್ಟವರ ಮನೆಗೇ ಆ ಎರಡೆಕರೆ ಹೋಯಿತು. ಯಾರ ಮನೆ ಅಂತ ಕೇಳಬೇಡಿ. ಭಾನುವಾರ ಅರ್ಜಿ ತಂದಿದ್ದ ಬೈಕು ಆ ಮನೆಯ ಅಂಗಳದಲ್ಲೇ ನಿಲ್ಲೋದು.

ಇನ್ನು 1974ರ ಭೂಸುಧಾರಣೆ. ದೇವರಾಜ ಅರಸರ ಕಾಲದ ತಿದ್ದುಪಡಿ. ಉಳುವವನೇ ಹೊಲದೊಡೆಯ. ದೊಡ್ಡ ಕೆಲಸ, ಅದನ್ನ ಕಡಿಮೆ ಮಾಡಿ ಹೇಳಲ್ಲ. ಆದ್ರೆ ಫಾರಂ 7 ಹಾಕಬೇಕಾದ್ರೆ ನೀನು ಗೇಣಿದಾರ ಅಂತ ತೋರಿಸಬೇಕಿತ್ತು. ನಮ್ಮವರಲ್ಲಿ ಗೇಣಿದಾರರು ಎಷ್ಟು ಜನ? ನಮ್ಮವರು ಜೀತಗಾರರು, ಕೂಲಿಯವರು. ನೇಗಿಲು ಹಿಡಿದಿದ್ದು ನಾವೇ, ಆದ್ರೆ ಕಾನೂನಿನ ಕಣ್ಣಲ್ಲಿ "ಉಳುವವನು" ನಾವಲ್ಲ. ಹಳೇ ಒಡೆಯರ ಕೈಯಿಂದ ಜಮೀನು ಗೇಣಿ ಮಾಡ್ತಿದ್ದ ಜಾತಿಗಳ ಕೈಗೆ ಬಂತು. ನಮ್ಮ ಪಾಲಿಗೆ ಹೆಚ್ಚೆಂದರೆ ಕೂತಿದ್ದ ಗುಡಿಸಲಿನ ಜಾಗ. ಅದೇ ದಶಕದಲ್ಲಿ ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿ ಭೂಮಿಯ ಪ್ರಶ್ನೆಯನ್ನ ಮುಂದಿಟ್ಟಿದ್ದು ಸುಮ್ಮನೆ ಅಲ್ಲ.

ಹಾಗಾದ್ರೆ ನಮಗೆ ಉಳಿದಿದ್ದು ಏನು? ಸರ್ಕಾರಿ ನೆಲ. ಗೋಮಾಳ, ಖರಾಬು, ಕೆರೆ ಅಂಗಳ, ಗುಡ್ಡದ ತಪ್ಪಲು. ಯಾರೂ ಬೇಡ ಅಂತ ಬಿಟ್ಟ ಕಲ್ಲು ನೆಲವನ್ನ ಹಸನು ಮಾಡಿ ಉತ್ತೆವು. ಅದಕ್ಕೆ ಹೆಸರು ಬಗರ್ ಹುಕುಂ, ಹುಕುಂ ಇಲ್ಲದ ಸಾಗುವಳಿ. ಭೂಕಂದಾಯ ಕಾಯ್ದೆಗೆ 94ಎ ಸೇರಿಸಿ, 14-4-1990ಕ್ಕಿಂತ ಮುಂಚೆಯಿಂದ ಉಳುತ್ತಿದ್ದವರಿಗೆ ಸಕ್ರಮ ಮಾಡೋ ದಾರಿ ಮಾಡಿದರು. ದಿನಾಂಕ ನೋಡಿದ್ರಾ? ಬಾಬಾಸಾಹೇಬರ ಜಯಂತಿ. ಆಮೇಲೆ ಫಾರಂ 50, ಫಾರಂ 53, ಈಚೆಗೆ ಫಾರಂ 57. ಮೂರು ಫಾರಂ ತುಂಬಿ ಮೂರು ತಲೆಮಾರು ಕಾದಿರೋ ಮನೆಗಳು ನಮ್ಮ ಕೇರಿಯಲ್ಲಿವೆ. ಅರ್ಜಿ ಇನ್ನೂ "ಪರಿಶೀಲನೆಯಲ್ಲಿ" ಇದೆ.

ತಡೆ ಹಾಕೋ ಕಾರಣಗಳಲ್ಲಿ ಒಂದು ಇದು: ನಿಯಮದ ಪ್ರಕಾರ ಊರಲ್ಲಿ ನೂರು ದನಕ್ಕೆ 30 ಎಕರೆಯಷ್ಟು ಗೋಮಾಳ ಇರಬೇಕು. ಅಷ್ಟು ಉಳಿಯದಿದ್ರೆ ಮಂಜೂರು ಮಾಡೋ ಹಾಗಿಲ್ಲ. ನಮ್ಮ ಆರು ಮನೆಯವರಿಗೂ ಇದೇ ಉತ್ತರ ಬಂದಿತ್ತು: "ಗೋಮಾಳ ಕೊರತೆ ಇದೆ." ಒಪ್ಪೋಣ. ಅಂಥ ಗೋಮಾಳದಲ್ಲಿ ಈಗ ಸೋಲಾರಿಗೆ ಇಪ್ಪತ್ತೆಕರೆ ಇದೆ ಅಂತಾರಲ್ಲ, ದನದ ಲೆಕ್ಕ ಯಾವಾಗ ಬದಲಾಯ್ತು?

ನಾನು ಕಚೇರಿಯಲ್ಲಿ ಗುಮಾಸ್ತ. ಕಾಗದ ನೋಡೋದೇ ನನ್ನ ಹೊಟ್ಟೆಪಾಡು. ಪಹಣಿ ತೆಗೆದು ನೋಡಿ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, 12ರಲ್ಲಿ ಸಾಗುವಳಿ ವಿವರ. ಈ ಸರ್ವೆ ನಂಬರಿನ 9ರಲ್ಲಿ "ಸರ್ಕಾರಿ ಗೋಮಾಳ" ಅಂತಿದೆ. ಸಾಗುವಳಿ ಕಾಲಂನಲ್ಲಿ ನಮ್ಮವರ ಹೆಸರಿಲ್ಲ. ಸ್ಮಶಾನ ಅಂತಲೂ ಎಲ್ಲೂ ಇಲ್ಲ. ನಮ್ಮಪ್ಪನನ್ನ ಹೂತಿರೋದು ಅಲ್ಲೇ. ಸರ್ಕಾರದ ಕಾಗದದ ಪ್ರಕಾರ ಅಲ್ಲಿ ಯಾರೂ ಇಲ್ಲ, ಬದುಕಿರೋರೂ ಇಲ್ಲ, ಸತ್ತಿರೋರೂ ಇಲ್ಲ.

ಈಗ ಪಾವಗಡಕ್ಕೆ ಬರೋಣ. ನಮ್ಮ ಜಿಲ್ಲೆಯದ್ದೇ.

ಮೂರು ಕಡೆ ಆಂಧ್ರ, ಮಳೆ ಕಡಿಮೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್, ಕಡ್ಲೆಕಾಯಿ ಬಿಟ್ಟರೆ ಬೇರೆ ಬೆಳೆ ನಂಬೋ ಹಾಗಿಲ್ಲ. ನಂಜುಂಡಪ್ಪ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿರೋ ಹೆಸರು. ಅಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅನ್ನೋ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂತು. ಇದಕ್ಕಾಗಿ ನಿಗಮ ಆಗಿದ್ದು 2015ರಲ್ಲಿ, ಉದ್ಘಾಟನೆ 2018ರ ಮಾರ್ಚಿನಲ್ಲಿ, ಪೂರ್ತಿ ಆಗಿದ್ದು 2019ರ ಕೊನೆಗೆ. ಹೆಸರು "ಶಕ್ತಿ ಸ್ಥಳ".

ಇದರಲ್ಲಿ ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿದ್ದು ಒಂದು ಮಾತು: ನಾವು ಯಾರ ಜಮೀನನ್ನೂ ಸ್ವಾಧೀನ ಮಾಡ್ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದ್ದೀವಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಸುಮಾರು 2,300 ರೈತರು ಕೊಟ್ಟರು. ಯಾರ ಮನೆಯನ್ನೂ ಎಬ್ಬಿಸಲಿಲ್ಲ. ಇದು ನಿಜ, ಒಳ್ಳೆಯದೇ. ಬರದಲ್ಲಿ ಬೇಸತ್ತ ರೈತನಿಗೆ ಖಾತರಿ ದುಡ್ಡು. ಎರಡೆಕರೆ ಇದ್ದ ದಲಿತನಿಗೂ ವರ್ಷಕ್ಕೆ 42,000 ಬಂತು, ಅಂದ್ರೆ ತಿಂಗಳಿಗೆ 3,500. ಇಪ್ಪತ್ತೆಕರೆ ಇದ್ದವನಿಗೆ ವರ್ಷಕ್ಕೆ 4,20,000. ಗುತ್ತಿಗೆ ಕಾಗದದಲ್ಲಿ ಇಬ್ಬರೂ ಒಂದೇ. ಒಬ್ಬ ಆ ದುಡ್ಡಲ್ಲಿ ಮಗನನ್ನ ಬೆಂಗಳೂರಲ್ಲಿ ಓದಿಸಿ ಮನೆ ಕಟ್ಟಿದ. ಇನ್ನೊಬ್ಬ ರೇಷನ್ ತಂದು ಮಿಕ್ಕಿದ್ದಕ್ಕೆ ಕೂಲಿ ಹುಡುಕಿದ. ಎರಡೆಕರೆಯೂ ಇಲ್ಲದವನಿಗೆ?

ತಿರುಮಣಿ ಕಡೆ ನಾನು ಎರಡು ಸಲ ಹೋಗಿದ್ದೀನಿ. ರಸ್ತೆಯ ಎರಡೂ ಕಡೆ ಬೇಲಿ, ಬೇಲಿಯಾಚೆ ಕಣ್ಣು ಹೋಗೋವರೆಗೂ ನೀಲಿ. ಮರದ ಕೆಳಗೆ ಕುರಿ ಬಿಟ್ಕೊಂಡು ಕೂತಿದ್ದ ಒಬ್ಬ ಅಜ್ಜಿ ತೆಲುಗು ಬೆರೆಸಿ ಹೇಳಿದ ಮಾತಿನ ಅರ್ಥ ಇಷ್ಟು: ಕಡ್ಲೆಕಾಯಿ ಕಳೆ ತೆಗೆಯೋದು, ಕೀಳೋದು, ಬಿಡಿಸೋದು, ಎಲ್ಲ ನಾವು ಹೆಂಗಸರು ಮಾಡ್ತಿದ್ವಿ. ಕೂಲಿ ಜೊತೆಗೆ ಹಿಡಿ ಕಾಯಿ ಸೆರಗಿಗೆ ಬೀಳ್ತಿತ್ತು, ಹೊಟ್ಟು ಕುರಿಗೆ ಆಗ್ತಿತ್ತು. ಈಗ ಹೊಲ ಇದೆ, ಬೆಳೆ ಇಲ್ಲ. ಗಂಡಸರಲ್ಲಿ ಕೆಲವರಿಗೆ ಸೆಕ್ಯುರಿಟಿ ಕೆಲಸ. ಕೆಲವರಿಗೆ ಹುಲ್ಲು ಕೀಳೋದು, ಪ್ಯಾನೆಲ್ ತೊಳೆಯೋದು. ಅದೂ ಗುತ್ತಿಗೆದಾರ ಕರೆದಾಗ.

ಈ ಅಜ್ಜಿ ವಿರೋಧ ಮಾಡಬಹುದಿತ್ತಲ್ಲ ಅಂತ ಯಾರಾದ್ರೂ ಕೇಳಬಹುದು. ಎಲ್ಲಿ ಮಾಡೋದು? ಇಲ್ಲಿ ಕಾನೂನು ಸ್ವಲ್ಪ ತಿಳ್ಕೋಬೇಕು.

ಒಂದು: 2013ರ ಭೂಸ್ವಾಧೀನ ಕಾಯ್ದೆಯಲ್ಲಿ "ಬಾಧಿತ ಕುಟುಂಬ" ಅಂದ್ರೆ ಜಮೀನು ಇದ್ದವರಷ್ಟೇ ಅಲ್ಲ. ಮೂರು ವರ್ಷದಿಂದ ಅದೇ ನೆಲವನ್ನ ನಂಬಿ ಬದುಕಿದ ಭೂಹೀನ ಕೃಷಿ ಕೂಲಿಗಳೂ ಅದರಲ್ಲಿ ಬರ್ತಾರೆ. ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು, ಜನರ ಮಾತು ಕೇಳಬೇಕು. ಆದ್ರೆ ಗುತ್ತಿಗೆ ಅಂದ ಕೂಡಲೇ ಅದು ಸ್ವಾಧೀನ ಅಲ್ಲ. ಸ್ವಾಧೀನ ಅಲ್ಲದಿದ್ರೆ ಅಧ್ಯಯನ ಇಲ್ಲ, ಬಾಧಿತರು ಅನ್ನೋ ಪದವೇ ಇಲ್ಲ.

ಎರಡು: ಕಲ್ಲಿದ್ದಲಿನ ದೊಡ್ಡ ಸ್ಥಾವರ ಬರೋದಾದ್ರೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೀಬೇಕು. ಸೋಲಾರ್ ಸ್ಥಾವರಗಳು ಆ ಅಧಿಸೂಚನೆಯ ವ್ಯಾಪ್ತಿಗೇ ಬರಲ್ಲ. ಹೊಗೆ ಇಲ್ಲ, ಬೂದಿ ಇಲ್ಲ, ಹಾಗಾಗಿ ಅಹವಾಲೂ ಇಲ್ಲ.

ಮೂರು: ಜಮೀನಿನ ಯಜಮಾನ ಸಹಿ ಹಾಕಿದ್ರೆ ಮುಗೀತು. ಪಕ್ಕದ ಮನೆಯವನು, ಆ ಹೊಲದ ಕೂಲಿ, ಕುರಿ ಹೊಡ್ಕೊಂಡು ಹೋಗೋನು, ಇವರು ಯಾರೂ ಆ ಕಾಗದದಲ್ಲಿ ಇಲ್ಲ.

ಒಂದು ವ್ಯಂಗ್ಯ ನೋಡಿ. 1974ರಲ್ಲಿ ಗೇಣಿ ಪದ್ಧತಿ ಕೆಟ್ಟದ್ದು ಅಂತ ಕಿತ್ತುಹಾಕಿದ ರಾಜ್ಯ ಇದು. ಆಗ ಉಳುವವನು ಒಡೆಯನಾದ. ಅರ್ಧ ಶತಮಾನದೊಳಗೆ ಆ ಒಡೆಯ ಉಳೋದು ಬಿಟ್ಟು ಮತ್ತೆ ಗುತ್ತಿಗೆಗೆ ಕೊಟ್ಟ. ಎರಡು ಸಲವೂ ಕೂಲಿಯವನ ಹೆಸರು ಕೇಳಿದವರಿಲ್ಲ.

ಇದು ಕರ್ನಾಟಕದ ಕಥೆ ಮಾತ್ರ ಅಲ್ಲ. ಅಸ್ಸಾಮಿನ ನಗಾಂವ್ ಜಿಲ್ಲೆಯಲ್ಲಿ ಮಿಕಿರ್ ಬಾಮುನಿ ಗ್ರಾಂಟ್ ಅಂತ ಒಂದು ಊರು. ಅಲ್ಲಿ ಕಾರ್ಬಿ ಮತ್ತು ಆದಿವಾಸಿ ರೈತರು ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಯನ್ನ, ಕಾಗದದ ಮೇಲೆ ಹೆಸರಿದ್ದ ಹಳೇ ಜಮೀನ್ದಾರರ ವಾರಸುದಾರರಿಂದ ಒಂದು ಕಂಪನಿ 15 ಮೆಗಾವ್ಯಾಟ್ ಸೋಲಾರಿಗೆ ಕೊಂಡುಕೊಂಡಿತು. 2020-21ರಲ್ಲಿ ರೈತರು ವಿರೋಧಿಸಿದಾಗ ಪೊಲೀಸರು ಬಂದರು, ಬಂಧನಗಳಾದವು. ಭಾಷೆ ಬೇರೆ, ಬೆಳೆ ಬೇರೆ, ಕಥೆ ಅದೇ. ಹೆಸರು ಒಬ್ಬರದು, ಬೆವರು ಇನ್ನೊಬ್ಬರದು.

ಈಗ ವಾಪಸ್ ನಮ್ಮೂರಿಗೆ.

ನಮ್ಮೂರಿಗೆ ಬರ್ತಿರೋದು ಪಾವಗಡದಂಥ ದೊಡ್ಡದಲ್ಲ. ಕುಸುಮ್ ಅಂತ 2019ರಲ್ಲಿ ಬಂದ ಕೇಂದ್ರದ ಯೋಜನೆಯ ಒಂದು ಭಾಗ. ಸಬ್‌ಸ್ಟೇಷನ್ ಹತ್ತಿರ ಸಣ್ಣ ಸೋಲಾರ್ ಸ್ಥಾವರ ಹಾಕಿ, ಅಲ್ಲಿಂದ ಪಂಪ್‌ಸೆಟ್ ಫೀಡರುಗಳಿಗೆ ಹಗಲು ಹೊತ್ತು ಕರೆಂಟು ಕೊಡೋದು. ರಾತ್ರಿ ಎರಡು ಗಂಟೆಗೆ ಎದ್ದು ಮೋಟಾರ್ ಹಾಕೋ ಕಷ್ಟ ತಪ್ಪುತ್ತದೆ. ಹಾವು ಕಡಿದು ಸತ್ತವರನ್ನ ನಾವೂ ನೋಡಿದ್ದೀವಿ. ಅವರಲ್ಲಿ ನೀರು ಕಟ್ಟೋಕೆ ಹೋದ ನಮ್ಮ ಕೂಲಿ ಹುಡುಗರೂ ಇದ್ದರು. ಯೋಜನೆ ಕೆಟ್ಟದ್ದು ಅಂತ ನಾನು ಹೇಳಲ್ಲ.

ಆದ್ರೆ ಪಂಪ್‌ಸೆಟ್ ಯಾರದು? ನಮ್ಮ ಕೇರಿಯಲ್ಲಿ ಬೋರ್‌ವೆಲ್ ಇರೋದು ಒಂದೇ ಒಂದು ಮನೆಗೆ. ಕಾಗದ ಇಲ್ಲದವರ ನೆಲದ ಮೇಲೆ ಪ್ಯಾನೆಲ್ಲು, ಕಾಗದ ಇದ್ದವರ ತೋಟಕ್ಕೆ ನೀರು. ಹಾಗಿದ್ದೂ ಊರೊಳಗಿನವರು ಯಾಕೆ ವಿರೋಧ ಮಾಡ್ತಿದಾರೆ? ಅದೇ ಗೋಮಾಳದಲ್ಲಿ ಅವರ ಒತ್ತುವರಿ ಇದೆ. ತೆಂಗು, ಅಡಿಕೆ ಫಲ ಕೊಡ್ತಾ ಇದೆ. ಸರ್ವೆಯವರು ಚೈನು ಹಿಡಿದು ಬಂದ್ರೆ ಅದು ಆಚೆ ಬೀಳ್ತದೆ. ಅವರಿಗೆ ಬೇಕಿರೋದು ಸರ್ವೆ ಆಗದೇ ಇರೋದು. ನಮಗೆ ಬೇಕಿರೋದು ಸರ್ವೆ ಆಗೋದು. ಒಂದೇ ಅರ್ಜಿಯಲ್ಲಿ ಈ ಎರಡು ಬೇಡಿಕೆ ಹೇಗೆ ಕೂರ್ತವೆ ಹೇಳಿ?

ಅವರ ಭಯವನ್ನ ನಾನು ಗೇಲಿ ಮಾಡ್ತಿಲ್ಲ. ದನ ಮೇಯಿಸೋ ಸಣ್ಣ ರೈತರು ಅವರಲ್ಲೂ ಇದಾರೆ. ಅವರ ಮನೆಯ ಹೆಂಗಸರೂ ಪುಳ್ಳೆ ಸೌದೆಗೆ ಅಲ್ಲಿಗೇ ಬರ್ತಾರೆ. ಅಂಥವರು ನಮ್ಮ ಜೊತೆ ಬರೋದಾದ್ರೆ ಬರಲಿ, ಸೇರಿ ಕೂರೋಣ. ಆದ್ರೆ ಕೂತು ಮಾತಾಡಬೇಕು, ಬೈಕಿನ ಮೇಲಿಂದ ಅಲ್ಲ. ನಮ್ಮ ಐವತ್ತು ಸಹಿ ಬೇಕು, ನಮ್ಮ ಒಂದು ಸಾಲು ಬೇಡ ಅಂದ್ರೆ ಅದು ಒಗ್ಗಟ್ಟಲ್ಲ. ತೋಟಿ ಕೈಲಿ ಗಂಟು ಹೊರಿಸಿದ ಹಾಗೇ ಇದೂ.

ಹಾಗೇ ಸೋಲಾರ್ ಬಂದ್ರೆ ಕೆಲಸ ಸಿಗ್ತದೆ ಅನ್ನೋ ನಮ್ಮ ಹುಡುಗರಿಗೂ ಒಂದು ಮಾತು. ಪ್ಯಾನೆಲ್ ಹಾಕೋವಾಗ ಮೂರ್ನಾಲ್ಕು ತಿಂಗಳು ಗುಂಡಿ ತೋಡೋಕೆ, ಕಂಬ ನಿಲ್ಲಿಸೋಕೆ ಜನ ಬೇಕು. ಆಮೇಲೆ ಇಪ್ಪತ್ತೆಕರೆಗೆ ಎಷ್ಟು ವಾಚ್‌ಮನ್ ಬೇಕು? ಇಬ್ಬರು, ಮೂವರು. ನಮ್ಮ ಕೇರಿಯಲ್ಲಿ ಓದಿ ಕೂತಿರೋರು ಎಷ್ಟು ಜನ ಅಂತ ನೀವೇ ಎಣಿಸ್ಕೊಳ್ಳಿ.

1947ರಲ್ಲಿ ಬಾಬಾಸಾಹೇಬರು "ರಾಜ್ಯಗಳು ಮತ್ತು ಅಲ್ಪಸಂಖ್ಯಾತರು" ಅಂತ ಒಂದು ಮನವಿ ಬರೆದರು. ಮುಖ್ಯ ಕೈಗಾರಿಕೆಗಳೂ ಕೃಷಿ ಭೂಮಿಯೂ ರಾಜ್ಯದ ಒಡೆತನದಲ್ಲಿರಬೇಕು, ಭೂಮಿಯನ್ನ ಜಾತಿ ನೋಡದೆ ಊರಿನವರಿಗೆ ಸಾಮೂಹಿಕ ಬೇಸಾಯಕ್ಕೆ ಕೊಡಬೇಕು, ಜಮೀನ್ದಾರನೂ ಇರಬಾರದು, ಗೇಣಿದಾರನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು ಅನ್ನೋದು ಅದರಲ್ಲಿದೆ. ಸರ್ಕಾರಿ ನೆಲ ಅಂದ್ರೆ ಅವರ ಕಣ್ಣಲ್ಲಿ ಎಲ್ಲರ ನೆಲ. ಖಾಲಿ ನೆಲ ಅಲ್ಲ, ಕಂಪನಿಗೆ ಕೊಡೋಕೆ ಇಟ್ಟುಕೊಂಡ ನೆಲವೂ ಅಲ್ಲ.

ಹಾಗಾದ್ರೆ ನಾವು ಏನು ಮಾಡೋಣ? ನನ್ನ ಅಭಿಪ್ರಾಯ ಇದು. ಅವರ ಅರ್ಜಿಗೆ ಸಹಿ ಬೇಡ. ನಮ್ಮದೇ ಅರ್ಜಿ ಬರೆಯೋಣ. ಕರಡು ಮಾಡಿದ್ದೀನಿ, ಮುಖ್ಯ ಬೇಡಿಕೆಗಳು ಇವು:

1. ಜಮೀನು ಯಾರಿಗೂ ಕೊಡೋ ಮುಂಚೆ ಇಡೀ ಗೋಮಾಳದ ಜಂಟಿ ಸರ್ವೆ ಆಗಬೇಕು. ನಮ್ಮ ಕೇರಿಯವರ ಎದುರಿಗೇ ಆಗಬೇಕು. ಆರು ಬಡವರ ಸಾಗುವಳಿಗೆ ಒಂದು ಅಳತೆ, ಅಡಿಕೆ ತೋಟಕ್ಕೆ ಇನ್ನೊಂದು ಅಳತೆ ನಡೆಯಲ್ಲ.

2. ಮೊದಲು ಸ್ಮಶಾನದ ಹದ್ದುಬಸ್ತು. ಕಲ್ಲು ನೆಡಬೇಕು, ಪಹಣಿಯಲ್ಲಿ "ಸ್ಮಶಾನ" ಅಂತ ಬರಬೇಕು.

3. ಬಾಕಿ ಇರೋ ಫಾರಂ 53, ಫಾರಂ 57 ಅರ್ಜಿಗಳನ್ನ ತೀರ್ಮಾನ ಮಾಡದೆ ಆ ಜಾಗವನ್ನ ಸೋಲಾರಿಗೆ ಗುರುತಿಸಬಾರದು. ಭೂ ಮಂಜೂರಾತಿ ನಿಯಮದಲ್ಲಿ ಪರಿಶಿಷ್ಟರಿಗೆ ಇರೋ ಅರ್ಧ ಪಾಲು ನೆನಪಿರಲಿ.

4. ಸುತ್ತಮುತ್ತ ಯಾವುದಾದ್ರೂ ಮಂಜೂರಾತಿ ಜಮೀನನ್ನ ಗುತ್ತಿಗೆಗೆ ಕೇಳಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯ ಆಗಬೇಕು. ಆ ಕಾಯ್ದೆಯಲ್ಲಿ "ಪರಭಾರೆ" ಅಂದ್ರೆ ಕ್ರಯ ಮಾತ್ರ ಅಲ್ಲ, ಗುತ್ತಿಗೆಯೂ ಸೇರ್ತದೆ. ಸರ್ಕಾರದ ಅನುಮತಿ ಇಲ್ಲದೆ ಯಾರೂ ಬಿಳಿ ಹಾಳೆ ಮೇಲೆ ಸಹಿ ಹಾಕಬೇಡಿ.

5. ಇಷ್ಟೆಲ್ಲ ಆಗಿ ನೆಲ ಉಳಿದ್ರೆ ಸೋಲಾರ್ ಬರಲಿ. ಬೇಲಿ ಮನೆಗಳಿಂದ ದೂರ ಇರಬೇಕು, ದನ ಕುರಿಗೆ ದಾರಿ ಬಿಡಬೇಕು, ಬರೋ ಬಾಡಿಗೆಯಲ್ಲಿ ಕೇರಿಗೆ ಪಾಲು ಇರಬೇಕು, ಕೆಲಸ ಕೊಡೋದಾದ್ರೆ ಪಿ.ಎಫ್., ಇ.ಎಸ್.ಐ. ಸಮೇತ ಕೊಡಬೇಕು.

ಒಂದು ಗುಮಾಸ್ತನ ಕಿವಿಮಾತು. ಸಭೆಯಲ್ಲಿ ಕೂಗಾಡಿದ್ದು ಯಾವ ಕಡತಕ್ಕೂ ಹೋಗಲ್ಲ. ಬರಹದಲ್ಲಿ ಕೊಡಿ, ಟಪಾಲಿನಲ್ಲಿ ನಂಬರ್ ಹಾಕಿಸಿ, ಸೀಲು ಇರೋ ಸ್ವೀಕೃತಿ ಇಸ್ಕೊಳ್ಳಿ. ಗ್ರಾಮಸಭೆಯ ನಡಾವಳಿಯಲ್ಲಿ ನಮ್ಮ ಆಕ್ಷೇಪಣೆ ಬರೆದಿದಾರಾ ಅಂತ ಓದಿ ನೋಡಿ, ಆಮೇಲೆ ಸಹಿ ಹಾಕಿ. ನೂರೈವತ್ತು ವರ್ಷದಿಂದ ನಮ್ಮನ್ನ ಹೊರಗಿಟ್ಟಿದ್ದು ಕತ್ತಿ ಮಾತ್ರ ಅಲ್ಲ, ಪುಸ್ತಕ. ಒಳಗೆ ಹೋಗೋ ದಾರಿಯೂ ಅದೇ.

ನಿನ್ನೆ ರಾತ್ರಿ ಕರಡನ್ನ ನಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. ಆಯಮ್ಮನಿಗೆ ಎಂಬತ್ತರ ಹತ್ತಿರ. ಮೂರನೇ ಫಾರಂ ತುಂಬಿದ್ದೂ ಆಯಮ್ಮನೇ. ಎಲ್ಲ ಕೇಳಿಸ್ಕೊಂಡು, "ಸ್ಮಶಾನದ್ದು ಮೊದಲ್ನೇದು ಮಾಡು ಮಗ. ಉಳೋಕೆ ಜಾಗ ಕೊಡ್ದಿದ್ರೂ ಕೂಲಿ ಮಾಡ್ಕೊಂಡು ಬದುಕ್ದೋ. ಹೂಳೋಕೆ ಜಾಗ ಇಲ್ಲಾಂದ್ರೆ ನನ್ನ ಯಾವ್ ಕಂಪ್ನಿ ತಾವ್ಕೆ ತಗೊಂಡೋಯ್ತೀರ?" ಅಂತು.

ನಾನು ಎರಡನೇದನ್ನ ಮೊದಲನೇದು ಮಾಡ್ತಿದ್ದೀನಿ.

ಬೇರೆ ಊರುಗಳಲ್ಲೂ ಸಬ್‌ಸ್ಟೇಷನ್ ಪಕ್ಕದ ಗೋಮಾಳ ಗುರುತಿಸ್ತಿದಾರೆ. ನಿಮ್ಮೂರಲ್ಲಿ ಇದ್ರೆ ಇವತ್ತೇ ಪಹಣಿ ತೆಗೆಸಿ, ಬಗರ್ ಹುಕುಂ ಅರ್ಜಿಯ ಹಳೇ ಸ್ವೀಕೃತಿ ಟ್ರಂಕಿನಲ್ಲಿ ಹುಡುಕಿ ಜೆರಾಕ್ಸ್ ಮಾಡಿಸಿಟ್ಕೊಳ್ಳಿ. ಇಲಿ ತಿನ್ನೋಕೆ ಮುಂಚೆ. ಅರ್ಜಿಯ ಕರಡು ಬೇಕಾದವರು ಕೇಳಿ, ಕಳಿಸ್ತೀನಿ. ತಪ್ಪಿದ್ರೆ ತಿದ್ದಿ.

ಗ್ರಾಮಸಭೆ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ ಸೇರೋಣ. ಹೆಂಗಸರು ಮುಂದೆ ಇರಲಿ.

ಜೈ ಭೀಮ್.